ಘೋಸ್ಟ್ ವರ್ಲ್ಡ್ (2001): ಎನಿಡ್–ರೆಬೆಕಾ ಗೆಳೆತನ ಮುರಿದದ್ದು ಎಲ್ಲಿ?

ಸಂಜೆಮಲ್ಲಿಗೆ:

ಟೆರಿ ಜ್ವಿಗಾಫ್ ನಿರ್ದೇಶನದ ‘ಘೋಸ್ಟ್ ವರ್ಲ್ಡ್’ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? 2001ರ ಅಮೆರಿಕನ್ ಚಿತ್ರ. ಡೇನಿಯಲ್ ಕ್ಲೌಸ್ ಅವರ ಅದೇ ಹೆಸರಿನ ಕಾಮಿಕ್ಸ್‌ನಿಂದ ಬಂದದ್ದು. ಚಿತ್ರಕಥೆಯನ್ನು ಇಬ್ಬರೂ ಸೇರಿ ಬರೆದರು, ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಕತೆಯನ್ನು ಕೊನೆಯವರೆಗೂ ಹೇಳುತ್ತೇನೆ. ನೋಡದವರು ಮೊದಲು ನೋಡಿಕೊಂಡು ಬನ್ನಿ.

ಎನಿಡ್ (ಥೋರಾ ಬರ್ಚ್) ಮತ್ತು ರೆಬೆಕಾ (ಸ್ಕಾರ್ಲೆಟ್ ಜೋಹಾನ್ಸನ್) ಜೀವದ ಗೆಳತಿಯರು. ಹೈಸ್ಕೂಲ್ ಈಗಷ್ಟೇ ಮುಗಿದಿದೆ. ಕಾಲೇಜಿನ ಯೋಚನೆ ಇಬ್ಬರಿಗೂ ಇಲ್ಲ. ಕೆಲಸ ಹುಡುಕಿಕೊಳ್ಳಬೇಕು, ಒಂದು ಬಾಡಿಗೆ ಮನೆ ಹಿಡಿದು ಜೊತೆಗಿರಬೇಕು, ಅಷ್ಟೇ ಪ್ಲಾನ್. ಬೇಸಿಗೆ ಮುಗಿಯುವ ಹೊತ್ತಿಗೆ ರೆಬೆಕಾ ಆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಎನಿಡ್ ಊರನ್ನೇ ಬಿಟ್ಟು ಹೋಗುತ್ತಾಳೆ.

ಈ ಚಿತ್ರದ ಬಗ್ಗೆ ಮಾತಾಡುವವರು ಹೆಚ್ಚಾಗಿ ಎನಿಡ್ ಪರ. ಅವಳು ಯಾರಿಗೂ ತಲೆಬಾಗದವಳು, ರೆಬೆಕಾ ಮಾತ್ರ ಎಲ್ಲರಂತೆ ಆಗಿಬಿಟ್ಟಳು ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಪ್ಲಾನ್ ಇಬ್ಬರದ್ದೂ ಅಲ್ವಾ? ರೆಬೆಕಾ ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ, ದುಡ್ಡು ಕೂಡಿಡುತ್ತಾಳೆ, ಮನೆ ಹುಡುಕುತ್ತಾಳೆ. ಮಾತಾಡಿಕೊಂಡಿದ್ದನ್ನೇ ಮಾಡುತ್ತಾಳೆ. ಅದಕ್ಕೆ ಅವಳನ್ನು ಬದಲಾದವಳು ಅಂತ ಯಾಕೆ ಕರೆಯಬೇಕು?

ಒಂದು ಸಣ್ಣ ದೃಶ್ಯ ಇದೆ. ರೆಬೆಕಾ ಹೊಸ ಮನೆ ತೋರಿಸುತ್ತಾ ಗೋಡೆಯೊಳಗಿಂದ ಕೆಳಗಿಳಿಯುವ ಇಸ್ತ್ರಿ ಹಲಗೆಯನ್ನು ಖುಷಿಯಿಂದ ಎಳೆಯುತ್ತಾಳೆ. ಎನಿಡ್ ಮುಖದಲ್ಲಿ ಏನೂ ಇಲ್ಲ. ಜಗಳ ಇಲ್ಲ, ಅಳು ಇಲ್ಲ. ನನ್ನ ಪ್ರಕಾರ ಗೆಳೆತನ ಮುರಿದದ್ದು ಅಲ್ಲಿ. ಅಲ್ಲಿಯವರೆಗೆ ಒಬ್ಬಳಿಗೆ ಇಷ್ಟವಾದದ್ದು ಇನ್ನೊಬ್ಬಳಿಗೂ ಇಷ್ಟವಾಗುತ್ತಿತ್ತು, ಕೊನೇಪಕ್ಷ ಇಬ್ಬರೂ ಸೇರಿ ಅದನ್ನು ಆಡಿಕೊಂಡು ನಗುತ್ತಿದ್ದರು. ಇಲ್ಲಿ ಒಬ್ಬಳು ಮನಸ್ಸಿಟ್ಟು ಸಂತೋಷಪಡುತ್ತಿದ್ದಾಳೆ, ಇನ್ನೊಬ್ಬಳಿಗೆ ಅದು ತಟ್ಟುವುದೇ ಇಲ್ಲ.

ನಿಮಗೆ ಏನನಿಸುತ್ತದೆ?

ಫ್ರೇಮ್24:

ರೆಬೆಕಾ ಪರ ನೀವು ಹೇಳಿದ್ದು ನ್ಯಾಯವೇ. ಆದರೆ ಎನಿಡ್‌ಳನ್ನು ಸೋಮಾರಿಯ ಲೆಕ್ಕಕ್ಕೆ ಹಾಕಬೇಡಿ. ಅವಳು ಸುಮ್ನೆ ಕೂತವಳಲ್ಲ. ಸಿನಿಮಾ ಥಿಯೇಟರಿನಲ್ಲಿ ಕೆಲಸಕ್ಕೆ ಸೇರುತ್ತಾಳೆ, ಮೊದಲ ದಿನವೇ ಕೆಲಸ ಹೋಗುತ್ತದೆ. ಯಾಕೆ? ಪಾಪ್‌ಕಾರ್ನ್ ಮೇಲೆ ಸುರಿಯುವ ಆ ಹಳದಿ ಬೆಣ್ಣೆ ಬೆಣ್ಣೆಯೇ ಅಲ್ಲ ಅಂತ ಗಿರಾಕಿಗೇ ಹೇಳುತ್ತಾಳೆ. ಚಿಕ್ಕದು ಕೇಳಿದವರಿಗೆ ದೊಡ್ಡದನ್ನು ದಾಟಿಸು ಅಂದರೆ ಅವಳ ಕೈಲಿ ಆಗುವುದಿಲ್ಲ. ಅದು ಸೊಕ್ಕು ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಅನಿಸಿದ್ದನ್ನು ಒಳಗಿಟ್ಟುಕೊಂಡು ನಗುಮುಖ ತೋರಿಸುವ ಶಕ್ತಿ ಕೆಲವರಿಗೆ ಇರುವುದೇ ಇಲ್ಲ. ಹದಿನೆಂಟಕ್ಕೆ ಅದು ಇನ್ನೂ ಕಷ್ಟ.

ರೆಬೆಕಾಗೂ ಕಾಫಿ ಅಂಗಡಿಗೆ ಬರುವವರನ್ನು ಕಂಡರೆ ಮೈ ಉರಿಯುತ್ತದೆ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾಳೆ ಕೂಡ. ಆದರೂ ಮರುದಿನ ಹೋಗಿ ಕೌಂಟರ್ ಹಿಂದೆ ನಿಲ್ಲುತ್ತಾಳೆ. ಇಬ್ಬರಿಗೂ ಲೋಕದ ಮೇಲೆ ಇರುವ ಸಿಟ್ಟು ಒಂದೇ. ಒಬ್ಬಳಿಗೆ ಅದನ್ನು ನುಂಗಿಕೊಳ್ಳುವುದು ಗೊತ್ತು, ಇನ್ನೊಬ್ಬಳಿಗೆ ಗೊತ್ತಿಲ್ಲ.

ಸಂಜೆಮಲ್ಲಿಗೆ:

ಅದು ಸರಿ. ಆ ಗೆಳೆತನ ನಿಂತಿದ್ದೇ ಜೊತೆಯಾಗಿ ಬೇರೆಯವರನ್ನು ಆಡಿಕೊಳ್ಳುವುದರ ಮೇಲೆ. ಶಾಲೆಯಲ್ಲಿ ಅದು ನಡೆಯುತ್ತದೆ. ಗೋಡೆಗೆ ಒರಗಿಕೊಂಡು ಹೋಗುವವರು ಬರುವವರಿಗೆಲ್ಲ ಹೆಸರಿಡಬಹುದು. ಕೆಲಸಕ್ಕೆ ಸೇರಿದ ಮೇಲೆ ಅದೇ ಜನರಿಗೆ ಕಾಫಿ ಕೊಡಬೇಕು. ರೆಬೆಕಾ ನಿಂತ ಜಾಗವೇ ಬದಲಾಯಿತು.

ಬಯಲುಸೀಮೆ:

ಹೊಸದಾಗಿ ನೋಡುವವರಿಗೆ ಒಂದು ಮಾತು. ಹೈಸ್ಕೂಲ್ ಅಂದ ಕೂಡಲೇ ನಮಗೆ ಎಸ್‌ಎಸ್‌ಎಲ್‌ಸಿ ನೆನಪಾಗುತ್ತದೆ. ಅಮೆರಿಕದಲ್ಲಿ ಹೈಸ್ಕೂಲ್ ಮುಗಿಯುವುದು ಹನ್ನೆರಡನೇ ತರಗತಿಗೆ, ಅಂದರೆ ನಮ್ಮ ದ್ವಿತೀಯ ಪಿಯುಸಿ ವಯಸ್ಸಿಗೆ. ಹದಿನೆಂಟಕ್ಕೆ ಅಪ್ಪ ಅಮ್ಮನ ಮನೆ ಬಿಟ್ಟು ಹೊರಗೆ ಇರಬೇಕು ಅನ್ನುವುದು ಅಲ್ಲಿ ಸಾಮಾನ್ಯ. ಇದು ಗೊತ್ತಿಲ್ಲದಿದ್ದರೆ ಈ ಹುಡುಗಿಯರು ಬಾಡಿಗೆ ಮನೆಗೆ ಯಾಕೆ ಇಷ್ಟು ಒದ್ದಾಡುತ್ತಾರೆ ಅನಿಸಿಬಿಡುತ್ತದೆ.

ನಮ್ಮಲ್ಲಿ ಈ ಅಗಲಿಕೆ ಎರಡು ವರ್ಷ ಮೊದಲೇ ಆಗುತ್ತದೆ. ಹತ್ತನೇ ಕ್ಲಾಸಿನವರೆಗೆ ಒಂದೇ ಬೆಂಚು. ಆಮೇಲೆ ಒಬ್ಬರು ಸೈನ್ಸ್, ಒಬ್ಬರು ಕಾಮರ್ಸ್, ಒಬ್ಬರು ಆರ್ಟ್ಸ್, ಕೆಲವರು ಓದು ಬಿಟ್ಟು ಅಂಗಡಿ ಇಲ್ಲವೇ ಹೊಲ. ನನ್ನ ಬೆಂಚಿನ ಗೆಳೆಯ ಗ್ಯಾರೇಜಿಗೆ ಸೇರಿದ, ನಾನು ಸೈನ್ಸ್‌ಗೆ ಹೋದೆ. ಅವನ ಕೈಗೆ ಆಗಲೇ ಸಂಬಳ ಬರುತ್ತಿತ್ತು, ನನ್ನ ಹತ್ತಿರ ಬಸ್ ಪಾಸ್ ಬಿಟ್ಟರೆ ಏನೂ ಇರಲಿಲ್ಲ. ಹೋಟೆಲಿಗೆ ಹೋದರೆ ಬಿಲ್ ಅವನೇ ಕೊಡುತ್ತಿದ್ದ. ನನಗೆ ಸಂಕೋಚ, ಅವನಿಗೆ ನನ್ನ ಸಂಕೋಚ ಕಂಡು ಬೇಜಾರು. ಸಿಗುವುದು ಕಡಿಮೆಯಾಯಿತು. ರೆಬೆಕಾ ಮನೆಗೆ ಬೇಕಾದ ಸಾಮಾನು ನೋಡುತ್ತಾ ಓಡಾಡುವಾಗ ಎನಿಡ್ ಹಿಂದೆ ಕಾಲೆಳೆದುಕೊಂಡು ಬರುವುದನ್ನು ನೋಡಿ ನನಗೆ ಅರ್ಥವಾದದ್ದು ಇದು. ದುಡಿಯುವವರ ದಿನವೇ ಬೇರೆ, ದುಡಿಯದವರ ದಿನವೇ ಬೇರೆ.

ಹಳೇರೇಡಿಯೊ:

ಗೆಳೆತನದ ಮಾತಿನ ನಡುವೆ ಹಾಡುಗಳನ್ನು ಮರೆಯಬೇಡಿ. ಈ ಚಿತ್ರ ಶುರುವಾಗುವುದೇ ನಮ್ಮ ಹಾಡಿನಿಂದ! 1965ರ ಹಿಂದಿ ಚಿತ್ರ ‘ಗುಮ್‌ನಾಮ್’ನಲ್ಲಿ ಬರುವ ‘ಜಾನ್ ಪೆಹಚಾನ್ ಹೋ’. ಹಾಡಿದವರು ಮೊಹಮ್ಮದ್ ರಫಿ, ಸಂಗೀತ ಶಂಕರ್–ಜೈಕಿಶನ್. ಕಣ್ಣಿಗೆ ಮುಖವಾಡ ಕಟ್ಟಿಕೊಂಡು ಲಕ್ಷ್ಮಿ ಛಾಯಾ ತಲೆ ಒದರುತ್ತಾ ಕುಣಿಯುವುದನ್ನು ನೋಡಿದವರು ಮರೆಯುವುದಿಲ್ಲ.

ಕ್ಯಾಮೆರಾ ಒಂದೊಂದೇ ಕಿಟಕಿ ದಾಟಿಕೊಂಡು ಹೋಗುತ್ತದೆ. ಒಂದೊಂದು ಮನೆಯಲ್ಲೂ ಜನ ಕೂತಲ್ಲೇ ಕೂತು ಮಂಕಾಗಿದ್ದಾರೆ. ಕೊನೆಗೆ ಒಂದು ಕೋಣೆಯಲ್ಲಿ ಎನಿಡ್. ಶಾಲೆಯ ಕೊನೆಯ ಸಮಾರಂಭದ ಗೌನ್ ಹಾಕಿಕೊಂಡು, ಟಿವಿಯಲ್ಲಿ ಆ ಹಾಡು ಬಿಟ್ಟುಕೊಂಡು, ಒಬ್ಬಳೇ ಕುಣಿಯುತ್ತಿದ್ದಾಳೆ. ಭಾಷೆ ಗೊತ್ತಿಲ್ಲ, ದೇಶ ಗೊತ್ತಿಲ್ಲ, ಆದರೆ ಹೆಜ್ಜೆ ಎಲ್ಲಾ ಬಾಯಿಪಾಠ. ಈ ಹುಡುಗಿ ತನ್ನ ಊರಿನಲ್ಲಿ ಸಿಗದ ಏನನ್ನೋ ಎಲ್ಲೆಲ್ಲೋ ಹುಡುಕುತ್ತಿದ್ದಾಳೆ ಅನ್ನುವುದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ನಮ್ಮ ಹಾಡನ್ನು ಹೊರಗಿನವರು ಬಳಸಿಕೊಂಡಾಗ ಎಷ್ಟೋ ಸಲ ತಮಾಷೆಯ ವಸ್ತು ಮಾಡುತ್ತಾರೆ. ಜ್ವಿಗಾಫ್ ಹಾಗೆ ಮಾಡಿಲ್ಲ, ಎನಿಡ್ ಜೊತೆ ಅವರೂ ಆ ಹಾಡನ್ನು ಪ್ರೀತಿಸುತ್ತಾರೆ.

ಗಮನಿಸಿ, ಆ ಕೋಣೆಯಲ್ಲಿ ರೆಬೆಕಾ ಇಲ್ಲ.

ಇನ್ನೊಂದು ಹಾಡು ಅಮೆರಿಕದ ಬ್ಲೂಸ್ ಹಾಡುಗಾರ ಸ್ಕಿಪ್ ಜೇಮ್ಸ್ ಅವರ ‘ಡೆವಿಲ್ ಗಾಟ್ ಮೈ ವುಮನ್’. 1931ರಲ್ಲಿ ಪ್ಯಾರಾಮೌಂಟ್ ರೆಕಾರ್ಡ್ ಕಂಪನಿಗೆ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ನಲ್ಲಿ ಧ್ವನಿಮುದ್ರಣವಾದದ್ದು. ಆರ್ಥಿಕ ಕುಸಿತದ ಕಾಲ, ಪ್ಲೇಟುಗಳು ಮಾರಾಟವಾಗಲೇ ಇಲ್ಲ. ಜೇಮ್ಸ್ ಮರೆತೇ ಹೋದರು. 1964ರಲ್ಲಿ ಕೆಲವು ಯುವ ಅಭಿಮಾನಿಗಳು ಮಿಸಿಸಿಪ್ಪಿಯ ಒಂದು ಆಸ್ಪತ್ರೆಯಲ್ಲಿ ಅವರನ್ನು ಪತ್ತೆ ಹಚ್ಚಿದರು. ಅದೇ ವರ್ಷ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದರು. ಎನಿಡ್ ಈ ಹಾಡಿರುವ ರೆಕಾರ್ಡನ್ನು, ಹಳೇ ರೆಕಾರ್ಡು ಕೂಡಿಡುವ ಸೀಮೋರ್ ಎಂಬ ನಡುವಯಸ್ಸಿನವನ ಹತ್ತಿರ ಚಿಲ್ಲರೆ ಕಾಸಿಗೆ ಕೊಳ್ಳುತ್ತಾಳೆ. ರಾತ್ರಿ ಕೋಣೆಯಲ್ಲಿ ಕೇಳುತ್ತಾಳೆ. ಹಾಡು ಮುಗಿದ ಕೂಡಲೇ ಎದ್ದು ಹೋಗಿ ಮುಳ್ಳನ್ನು ಎತ್ತಿ ಮತ್ತೆ ಶುರುವಿಗೆ ಇಡುತ್ತಾಳೆ. ಆಡಿಕೊಂಡು ನಗುವುದೇ ಅಭ್ಯಾಸವಾಗಿದ್ದ ಹುಡುಗಿಗೆ ಮೊದಲ ಸಲ ನಗು ಬಾರದ ಒಂದು ವಸ್ತು ಸಿಕ್ಕಿತು. ಸಂಜೆಮಲ್ಲಿಗೆ ಅವರೇ, ನಿಮ್ಮ ಇಸ್ತ್ರಿ ಹಲಗೆಗಿಂತ ಮೊದಲೇ ದಾರಿ ಬೇರೆಯಾಗಿದೆ. ರೆಬೆಕಾಗೆ ಮನೆ ಸಿಕ್ಕಿತು, ಎನಿಡ್‌ಗೆ ಈ ಹಾಡು ಸಿಕ್ಕಿತು.

ಸಂಜೆಮಲ್ಲಿಗೆ:

ಇದನ್ನು ಯೋಚಿಸಬೇಕು. ಹಾಡು ಕೇಳುವಾಗಲೂ ರೆಬೆಕಾ ಪಕ್ಕದಲ್ಲಿ ಇಲ್ಲ.

ತುಂಗಾತೀರ:

ಸೀಮೋರ್ ವಿಷಯ ಬಂತಲ್ಲ, ನನಗೆ ಅಲ್ಲೇ ಈ ಚಿತ್ರ ಕಷ್ಟವಾಗುವುದು. ಸ್ಟೀವ್ ಬುಷೆಮಿ ಅದ್ಭುತವಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಹುಡುಗಿಯರು ಪೇಪರಿನಲ್ಲಿ ಅವನ ಜಾಹೀರಾತು ನೋಡಿ, ಅವನು ಹುಡುಕುತ್ತಿರುವ ಹೆಂಗಸಿನ ಹೆಸರಲ್ಲಿ ಫೋನ್ ಮಾಡಿ ಹೋಟೆಲಿಗೆ ಬರಹೇಳುತ್ತಾರೆ. ಅವನು ಬಂದು ಒಬ್ಬನೇ ಕಾಯುತ್ತಾ ಕೂರುತ್ತಾನೆ. ಇವರು ಇನ್ನೊಂದು ಮೇಜಿನಿಂದ ನೋಡುತ್ತಾರೆ. ಆ ದೃಶ್ಯದಲ್ಲಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು.

ಆಮೇಲೆ ಎನಿಡ್ ಅವನ ಸ್ನೇಹ ಮಾಡುತ್ತಾಳೆ. ಅಲ್ಲಿಯವರೆಗೆ ಸರಿ. ಆದರೆ ನಡುವಯಸ್ಸಿನ ಗಂಡಸು ಮತ್ತು ಆಗಷ್ಟೇ ಶಾಲೆ ಮುಗಿಸಿದ ಹುಡುಗಿ ಒಂದು ರಾತ್ರಿ ಜೊತೆಯಾಗುವುದನ್ನು ಚಿತ್ರ ಹಗುರವಾಗಿ ದಾಟಿಬಿಡುತ್ತದೆ. ಅವನನ್ನು ಪಾಪದವನು ಅಂತ ತೋರಿಸುವುದರಲ್ಲೇ ಕಾಲ ಹೋಗುತ್ತದೆ. ಅವಳು ಕುಡಿದಿದ್ದಾಳೆ, ದಿಕ್ಕು ತೋಚದೆ ಬಂದಿದ್ದಾಳೆ. ದೊಡ್ಡವನು ಅವನು. ತಡೆಯಬೇಕಾದವನು ಅವನೇ. ಎರಡು ಹುಡುಗಿಯರ ಗೆಳೆತನದ ಕತೆಯ ಅರ್ಧ ಜಾಗವನ್ನು ಈ ಮನುಷ್ಯ ತಿಂದುಹಾಕಿದ ಅನ್ನುವುದು ನನ್ನ ದೂರು.

ಮಸಿಕುಡಿಕೆ:

ತುಂಗಾತೀರ ಅವರ ದೂರಿಗೆ ಕಾಮಿಕ್ಸ್ ಕಡೆಯಿಂದ ಬಲ ಇದೆ. ಕ್ಲೌಸ್ ಅವರ ಪುಸ್ತಕದಲ್ಲಿ ಸೀಮೋರ್ ಇಲ್ಲವೇ ಇಲ್ಲ! ಜಾಹೀರಾತು ನೋಡಿ ಫೋನ್ ಮಾಡಿ ಕಾಡುವ ಪ್ರಸಂಗ ಮಾತ್ರ ಬೇರೆ ಒಬ್ಬನ ಮೇಲೆ ಬರುತ್ತದೆ, ಅವನು ಬಂದು ಹೋಗುವ ಪಾತ್ರ. ಸೀಮೋರ್ ಹುಟ್ಟಿದ್ದು ಚಿತ್ರಕ್ಕಾಗಿ. ಜ್ವಿಗಾಫ್ ಸ್ವತಃ ಹಳೇ 78 ಆರ್‌ಪಿಎಂ ರೆಕಾರ್ಡುಗಳನ್ನು ಕೂಡಿಡುವವರು, ಆ ಪಾತ್ರದಲ್ಲಿ ಅವರ ಪಾಲು ದೊಡ್ಡದು.

ಕಾಮಿಕ್ಸ್ 1993ರಿಂದ 1997ರವರೆಗೆ ಕ್ಲೌಸ್ ಅವರ ‘ಏಟ್‌ಬಾಲ್’ ಸಂಚಿಕೆಗಳಲ್ಲಿ ಬಂತು, ಆಮೇಲೆ ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನ ಪುಸ್ತಕವಾಗಿ ತಂದಿತು. ಪುಟಗಳೆಲ್ಲ ಮಂಕಾದ ನೀಲಿ ಹಸಿರು, ರಾತ್ರಿ ಹೊತ್ತು ಮುಚ್ಚಿದ ಕಿಟಕಿಯ ಹಿಂದೆ ಟಿವಿ ಉರಿಯುವಾಗ ಕಾಣುವ ಬೆಳಕಿನ ಹಾಗೆ. ಚಿತ್ರ ಇದಕ್ಕೆ ತದ್ವಿರುದ್ಧ, ಕೆಂಪು, ಹಳದಿ, ಹಸಿರು ಎಲ್ಲಾ ಗಾಢ. ಪುಸ್ತಕದಲ್ಲಿ ಕಾಲೇಜಿಗೆ ಹೋಗಬಹುದಾದ ಸಾಧ್ಯತೆಯೇ ಇಬ್ಬರ ನಡುವೆ ಬರುವ ಬಿರುಕು. ಕೊನೆಯಲ್ಲಿ ಎನಿಡ್ ಕಿಟಕಿಯಾಚೆಯಿಂದ ರೆಬೆಕಾಳನ್ನು ನೋಡುತ್ತಾಳೆ, ಎಷ್ಟು ಚೆಂದದ ಹೆಣ್ಣಾಗಿ ಬೆಳೆದೆ ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ. ಒಳಗಿರುವವಳಿಗೆ ಅದು ಕೇಳಿಸುವುದಿಲ್ಲ. ಚಿತ್ರದಲ್ಲಿ ಇದು ಇಲ್ಲದ್ದು ದೊಡ್ಡ ನಷ್ಟ. ಸಿಟ್ಟು ಪೂರ್ತಿ ಇಳಿದ ಮೇಲೆ ಉಳಿಯುವ ಪ್ರೀತಿ ಅದು.

ಫ್ರೇಮ್24:

ಪುಸ್ತಕದ ಪ್ರೀತಿ ಸರಿ, ಆದರೆ ಸೀಮೋರ್ ಇಲ್ಲದೆ ಚಿತ್ರ ನಿಲ್ಲುತ್ತಿರಲಿಲ್ಲ. ಎನಿಡ್ ಮುಂದೆ ಏನಾಗಬಹುದು ಅನ್ನುವುದಕ್ಕೆ ಅವನೇ ಕನ್ನಡಿ. ಲೋಕದ ಜೊತೆ ಹೊಂದಿಕೊಳ್ಳದೆ ವಯಸ್ಸಾದರೆ ಹೀಗೆ ಒಂದು ಕೋಣೆ, ಗೋಡೆ ತುಂಬ ರೆಕಾರ್ಡು, ಒಂಟಿತನ. ಅವನಿಗೇ ತನ್ನ ಬದುಕು ಸಾಕಾಗಿದೆ. ಎನಿಡ್‌ಗೆ ಅವನು ಹೀರೋ ಥರ ಕಂಡರೂ ಅವನ ಹಾಗೆ ಬದುಕಲು ಅವಳಿಗೂ ಧೈರ್ಯ ಸಾಲುವುದಿಲ್ಲ. ಆ ರಾತ್ರಿಯ ಬಗ್ಗೆ ತುಂಗಾತೀರ ಅವರು ಹೇಳಿದ್ದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ.

ಹಡ್ಸನ್ ದಂಡೆ:

ನಾನು ನ್ಯೂಜೆರ್ಸಿಯಲ್ಲಿ ಇರುವವಳು. ಮಗಳು ಈ ಬೇಸಿಗೆಯಲ್ಲಿ ಹೈಸ್ಕೂಲ್ ಮುಗಿಸಿದಳು. ಇಬ್ಬರೂ ಕೂತು ನೋಡಿದೆವು.

ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಆ ಸಮಯವೇ ವಿಚಿತ್ರ. ಶಾಲೆ ಮುಗಿದಿದೆ, ಮುಂದಿನದು ಶುರುವಾಗಿಲ್ಲ. ಮಕ್ಕಳು ದಿನಾ ಸಿಗುತ್ತಾರೆ, ಆದರೆ ಆಗಸ್ಟ್ ಕೊನೆಗೆ ಒಬ್ಬೊಬ್ಬರೂ ಒಂದೊಂದು ರಾಜ್ಯಕ್ಕೆ ಹೊರಡುವುದು ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕಾಲೇಜಿಗೆ ಹೋಗದೆ ಊರಲ್ಲೇ ಉಳಿಯುವವರ ಪಾಡು ಇನ್ನೂ ಕಷ್ಟ. ಎಲ್ಲರೂ ಖಾಲಿಯಾದ ಮೇಲೆ ಅದೇ ರಸ್ತೆ, ಅದೇ ಅಂಗಡಿ. ಈ ಚಿತ್ರ ಅವರದ್ದು, ಅದಕ್ಕೇ ನನಗೆ ಹಿಡಿಸಿತು. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಕಾರಿಗೆ ಪೆಟ್ಟಿಗೆ ತುಂಬಿಕೊಂಡು ಕಾಲೇಜಿಗೆ ಹೊರಡುತ್ತಾರೆ.

ಮಗಳು ಚಿತ್ರದುದ್ದಕ್ಕೂ ರೆಬೆಕಾ ಪರ. ‘ಅವಳು ಎಷ್ಟು ಸಲ ಕೇಳಬೇಕಮ್ಮಾ?’ ಅಂದಳು. ರೆಬೆಕಾ ಕೇಳುತ್ತಲೇ ಇರುತ್ತಾಳೆ, ಕೆಲಸ ಸಿಕ್ಕಿತಾ, ಸಾಮಾನು ಕಟ್ಟಿದೆಯಾ, ಯಾವಾಗ ಬರುತ್ತೀಯಾ. ಎನಿಡ್ ಬರುತ್ತೇನೆ ಅನ್ನುತ್ತಾಳೆ, ಬರುವುದಿಲ್ಲ. ಇಲ್ಲ ಅಂತಲೂ ಹೇಳುವುದಿಲ್ಲ. ನನಗೆ ಎನಿಡ್ ಮೇಲೆ ಸಿಟ್ಟು ಬಂದದ್ದು ಅದಕ್ಕೇ. ಬರುವುದಿಲ್ಲ ಅಂದಿದ್ದರೆ ರೆಬೆಕಾ ಅತ್ತು ಸುಮ್ಮನಾಗುತ್ತಿದ್ದಳು.

ಸ್ಕಾರ್ಲೆಟ್ ಜೋಹಾನ್ಸನ್ ಆಗ ಹದಿನಾರರ ಆಸುಪಾಸಿನ ಹುಡುಗಿ, ಥೋರಾ ಬರ್ಚ್‌ಗಿಂತ ಎರಡು ವರ್ಷ ಚಿಕ್ಕವಳು. ಆದರೂ ಇಬ್ಬರಲ್ಲಿ ದೊಡ್ಡವಳ ಹಾಗೆ ಕಾಣುತ್ತಾಳೆ. ಆ ಒಣ ದನಿ, ಆ ಸುಸ್ತು.

ಬಯಲುಸೀಮೆ:

‘ಇಲ್ಲ ಅಂತಲೂ ಹೇಳುವುದಿಲ್ಲ’, ನೂರಕ್ಕೆ ನೂರು ನಿಜ. ಮನೆ ಮುಂದೆ ಎನಿಡ್ ತನ್ನ ಹಳೇ ಸಾಮಾನು ಮಾರಲು ಕೂರುವ ದೃಶ್ಯ ನೆನಪಿದೆಯಾ? ದುಡ್ಡು ಬೇಕು ಅಂತ ಎಲ್ಲಾ ಹೊರಗೆ ಹರಡಿದ್ದಾಳೆ. ಯಾರಾದರೂ ಕೊಳ್ಳಲು ಬಂದರೆ ಕೊಡಲು ಮನಸ್ಸಿಲ್ಲ. ಒಂದೊಂದು ಆಟದ ಸಾಮಾನಿಗೂ ಒಂದೊಂದು ನೆನಪು. ಕೊನೆಗೆ ಎಲ್ಲಾ ಅಲ್ಲೇ ಬಿಟ್ಟು ಎದ್ದು ಹೋಗುತ್ತಾಳೆ. ರೆಬೆಕಾ ಜೊತೆ ಮನೆ ಮಾಡುವುದೂ ಅವಳಿಗೆ ಹೀಗೇ. ಬೇಕು, ಆದರೆ ಅದಕ್ಕಾಗಿ ಚಿಕ್ಕಂದಿನದ್ದನ್ನು ಕೈಬಿಡಲು ಆಗುತ್ತಿಲ್ಲ.

ಮಸಿಕುಡಿಕೆ:

ಚಿತ್ರಕಲೆ ತರಗತಿಯ ಬಗ್ಗೆ ಯಾರೂ ಹೇಳಲಿಲ್ಲ. ಸಮಾರಂಭ ಮುಗಿದ ಮೇಲೆ ಎನಿಡ್ ತನ್ನ ಸರ್ಟಿಫಿಕೇಟ್ ಬಿಚ್ಚಿ ನೋಡಿದರೆ ಒಳಗೆ ಸರ್ಟಿಫಿಕೇಟೇ ಇಲ್ಲ, ಬೇಸಿಗೆಯಲ್ಲಿ ಚಿತ್ರಕಲೆ ತರಗತಿ ಮುಗಿಸಬೇಕು ಅನ್ನುವ ಚೀಟಿ ಇದೆ. ಅಂದರೆ ರೆಬೆಕಾ ಶಾಲೆಯಿಂದ ಹೊರಗೆ ಬಂದಳು, ಎನಿಡ್‌ಳ ಒಂದು ಕಾಲು ಇನ್ನೂ ಒಳಗೇ ಇದೆ. ವ್ಯತ್ಯಾಸ ಶುರುವಾದದ್ದು ಆ ಚೀಟಿಯಿಂದ.

ಅಲ್ಲಿ ಅವಳು ಪ್ರದರ್ಶನಕ್ಕೆ ಇಡುವುದು ಸೀಮೋರ್ ಕೆಲಸ ಮಾಡುವ ಕಂಪನಿಯ ಹಳೇ ಪೋಸ್ಟರ್. ಕಪ್ಪು ಜನರನ್ನು ಹೀಯಾಳಿಸುವ ‘ಕೂನ್’ ಎಂಬ ಹೆಸರು, ಹಲ್ಲು ಕಿರಿದ ಮುಖದ ಚಿತ್ರ. ಇದು ಬರೀ ಕಲ್ಪನೆಯಲ್ಲ. ‘ಕೂನ್ ಚಿಕನ್ ಇನ್’ ಅನ್ನುವ ಹೋಟೆಲ್ ಸರಣಿ 1925ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರುವಾಗಿ ದಶಕಗಳ ಕಾಲ ನಡೆದಿತ್ತು. ಚಿತ್ರದ ಕಂಪನಿ ಹೆಸರು ಬದಲಿಸಿಕೊಂಡು ಏನೂ ಆಗಿಲ್ಲವೆಂಬಂತೆ ಕೋಳಿ ಮಾರುತ್ತಿದೆ. ಎನಿಡ್ ಆ ಸುಳ್ಳನ್ನು ಹೊರಗೆಳೆಯುತ್ತಾಳೆ. ಆದರೆ ಆ ಚಿತ್ರ ನೋಡಿದರೆ ಯಾರಿಗೆ ನೋವಾಗುತ್ತದೆ ಅನ್ನುವುದನ್ನು ಅವಳು ಯೋಚಿಸುವುದಿಲ್ಲ. ಗಲಾಟೆಯಾಗುತ್ತದೆ. ಸಿಗಬೇಕಿದ್ದ ಕಲಾಶಾಲೆಯ ವಿದ್ಯಾರ್ಥಿವೇತನ ಕೈತಪ್ಪುತ್ತದೆ. ಸೀಮೋರ್ ಕೆಲಸ ಕಳೆದುಕೊಳ್ಳುತ್ತಾನೆ. ಎಲ್ಲಾ ಬಾಗಿಲುಗಳೂ ಒಟ್ಟಿಗೆ ಮುಚ್ಚಿದವು.

ಎನಿಡ್‌ಳ ಸ್ಕೆಚ್ ಪುಸ್ತಕದ ಚಿತ್ರಗಳನ್ನು ಬಿಡಿಸಿದವರು ಸೋಫಿ ಕ್ರಂಬ್. ಜ್ವಿಗಾಫ್ ಯಾರ ಬಗ್ಗೆ ‘ಕ್ರಂಬ್’ ಸಾಕ್ಷ್ಯಚಿತ್ರ ಮಾಡಿದರೋ ಆ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್ ಅವರ ಮಗಳು, ಆಗ ಹದಿಹರೆಯದವಳು. ಆ ಗೀಟುಗಳು ಹದಿಹರೆಯದ ಹುಡುಗಿಯ ಕೈಬರಹದಂತೆಯೇ ಇರುವುದಕ್ಕೆ ಇದೇ ಕಾರಣ.

ತುಂಗಾತೀರ:

ಬಸ್ಸಿನ ವಿಷಯ ಹೇಳಿ ಯಾರಾದರೂ. ನಾರ್ಮನ್ ಅನ್ನುವ ಮುದುಕ ಬಸ್ ಸ್ಟಾಪಿನ ಬೆಂಚಿನ ಮೇಲೆ ದಿನಾ ಕೂತಿರುತ್ತಾನೆ. ಆ ದಾರಿಯ ಬಸ್ ನಿಂತು ಎಷ್ಟೋ ಕಾಲವಾಗಿದೆ, ಹುಡುಗಿಯರು ಹೇಳಿದರೂ ಅವನು ಕೇಳುವುದಿಲ್ಲ. ಒಂದು ದಿನ ಬಸ್ ಬಂದೇ ಬಿಡುತ್ತದೆ, ಅವನು ಹತ್ತಿ ಹೋಗುತ್ತಾನೆ. ಕೊನೆಗೆ ಎನಿಡ್ ಅದೇ ಬೆಂಚಿನಲ್ಲಿ ಕೂತು ಅದೇ ಬಸ್ ಹತ್ತುತ್ತಾಳೆ. ಅವಳು ಸತ್ತಳು ಅನ್ನುವುದಕ್ಕೆ ಇದು ಸಂಕೇತ ಅಂತ ಹಲವರು ಹೇಳುತ್ತಾರೆ. ನಿಮಗೆ ಹಾಗನಿಸಿತಾ?

ಹಳೇರೇಡಿಯೊ:

ನನಗಂತೂ ಇಲ್ಲ. ಎಲ್ಲಿಗಾದರೂ ಹೊರಟುಹೋಗಬೇಕು, ಯಾರಿಗೂ ಗೊತ್ತಿಲ್ಲದ ಊರಿನಲ್ಲಿ ಇಳಿಯಬೇಕು ಅನ್ನುವ ಆಸೆಯನ್ನು ಎನಿಡ್ ಬಾಯಲ್ಲೇ ಮೊದಲು ಕೇಳಿದ್ದೇವೆ. ಅದು ನಡೆಯಿತು.

ಹಡ್ಸನ್ ದಂಡೆ:

ನನಗೆ ಭಯವಾಯಿತು. ತಾಯಿಯಾಗಿ ನೋಡಿದ್ದಕ್ಕೋ ಏನೋ. ಕತ್ತಲು, ಖಾಲಿ ರಸ್ತೆ, ಹುಡುಗಿ ಒಬ್ಬಳೇ, ಬರಬಾರದ ಬಸ್. ಎಲ್ಲಿಗೆ ಹೋಗುತ್ತಿದ್ದೀಯಾ ಅಂತ ಕೇಳಲು ಯಾರೂ ಇಲ್ಲ. ಮಗಳು ಮಾತ್ರ ‘ಊರು ಬಿಟ್ಟಳು, ಒಳ್ಳೇದಾಯ್ತು’ ಅಂತ ಎದ್ದು ಹೋದಳು.

ಫ್ರೇಮ್24:

ನಾನು ಮಗಳ ಕಡೆ. ಸಾವು ಅಂದುಬಿಟ್ಟರೆ ರೆಬೆಕಾ ಕತೆಗೂ ಅರ್ಥವಿರುವುದಿಲ್ಲ. ಒಬ್ಬಳು ಸತ್ತಳು ಅಂದರೆ ಇನ್ನೊಬ್ಬಳದ್ದೇ ತಪ್ಪು ಅಂತಾಗುತ್ತದೆ. ಈ ಚಿತ್ರ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಒಬ್ಬ ಹುಡುಗನನ್ನು ನಡುವೆ ತಂದು ಜಗಳ ಹಚ್ಚುವುದು ಸುಲಭವಿತ್ತು. ಜಾಶ್ ಅನ್ನುವವನು ಕತೆಯಲ್ಲಿ ಇದ್ದಾನೆ ಕೂಡ. ಅವನಿಂದ ಮುರಿಯಲಿಲ್ಲ. ಇಬ್ಬರಿಗೂ ಬೇರೆ ಬೇರೆ ಬದುಕು ಬೇಕಾಯಿತು, ಅಷ್ಟೇ.

ಸಂಜೆಮಲ್ಲಿಗೆ:

ರೆಬೆಕಾ ಒಂದು ಕಡೆ ಮಾತ್ರ ಕೆಟ್ಟದಾಗಿ ನಡೆದುಕೊಳ್ಳುತ್ತಾಳೆ. ಎನಿಡ್‌ಳನ್ನು ಹುಡುಕಿಕೊಂಡು ಬಂದ ಸೀಮೋರ್‌ಗೆ, ಆ ಫೋನ್ ಮಾಡಿದವರು ನಾವೇ ಅಂತ ಹೇಳಿಬಿಡುತ್ತಾಳೆ. ಅದು ಸೀಮೋರ್‌ನನ್ನು ನೋಯಿಸಲು ಅಂತ ನನಗನಿಸುವುದಿಲ್ಲ. ತನ್ನ ಜಾಗದಲ್ಲಿ ಎನಿಡ್ ಇವನನ್ನು ತಂದು ಕೂರಿಸಿದಳಲ್ಲ, ಆ ಹೊಟ್ಟೆಕಿಚ್ಚು. ಹಲಗೆ ಎಳೆದು ತೋರಿಸಿದಾಗ ಸಿಗದ ಗಮನ ಅವನಿಗೆ ಹೇಗೆ ಸಿಕ್ಕಿತು ಅನ್ನುವ ನೋವು. ಹಳೇರೇಡಿಯೊ ಅವರು ಹಾಡು ಮೊದಲು ಅಂದರು, ಮಸಿಕುಡಿಕೆ ಅವರು ಚೀಟಿ ಮೊದಲು ಅಂದರು. ಎನಿಡ್ ಕಡೆಯಿಂದ ನೋಡಿದರೆ ಎರಡೂ ಸರಿ. ರೆಬೆಕಾಗೆ ಅದು ಗೊತ್ತಾದದ್ದು ಮಾತ್ರ ಆ ಹಲಗೆಯ ಹತ್ತಿರವೇ. ಈ ಮಾತಿನಿಂದ ನಾನು ಕದಲುವುದಿಲ್ಲ.

ಬಯಲುಸೀಮೆ:

ಚಿತ್ರ ಥಿಯೇಟರಿನಲ್ಲಿ ಓಡಿತಾ?

ಮಸಿಕುಡಿಕೆ:

ಇಲ್ಲ. ಸುಮಾರು 70 ಲಕ್ಷ ಡಾಲರ್ ಖರ್ಚಾಗಿತ್ತು, ಅಮೆರಿಕದಲ್ಲಿ ಅಷ್ಟೂ ವಾಪಸ್ ಬರಲಿಲ್ಲ. ಆಮೇಲೆ ಡಿವಿಡಿಯಲ್ಲಿ ನೋಡಿದವರೇ ಇದನ್ನು ಕೈಬಿಡದೆ ಉಳಿಸಿಕೊಂಡರು. 2017ರಲ್ಲಿ, ಮುಖ್ಯ ಚಿತ್ರಗಳನ್ನು ಡಿಸ್ಕಿನಲ್ಲಿ ತರುವ ಕ್ರೈಟೀರಿಯನ್ ಸಂಸ್ಥೆ ಇದರ ಹೊಸ ಪ್ರತಿ ತಂದಿತು.

ನೋಡುವವರು ಕೊನೆಯ ಹೆಸರುಗಳು ಬರುವಾಗ ಎದ್ದು ಹೋಗಬೇಡಿ. ಕತೆಯಲ್ಲಿ ಸೀಮೋರ್ ಅಂಗಡಿಯಲ್ಲಿ ಏಟು ತಿಂದು ಆಸ್ಪತ್ರೆ ಸೇರುತ್ತಾನಲ್ಲ, ಹೆಸರುಗಳೆಲ್ಲ ಮುಗಿದ ಮೇಲೆ ಅದೇ ಜಗಳ ಮತ್ತೆ ಬರುತ್ತದೆ. ಅದರಲ್ಲಿ ಅವನು ಗೆಲ್ಲುತ್ತಾನೆ.